ಕ್ರೂಗರ್ ಪ್ರವಾಸ: ಇನ್ನು ರಾತ್ರಿ ವಾಸ ಪಾರ್ಕಿನ ಒಳಗೇ

ಎಲ್ಲರಿಗೂ ನಮಸ್ಕಾರ,

ದಕ್ಷಿಣ ಆಫ್ರಿಕಾದ ಕ್ರೂಗರ್ ನ್ಯಾಷನಲ್ ಪಾರ್ಕಿಗೆ ನಮ್ಮ ಮೂಲಕ ಹೆಸರು ಕೊಟ್ಟಿರುವವರು ಇದನ್ನು ಪೂರ್ತಿ ಓದಿಬಿಡಿ. ಜೂನ್ ತಂಡದಿಂದ ಪ್ಲಾನ್ ಬದಲಾಗುತ್ತಿದೆ. ಇಷ್ಟು ದಿನ ಗೇಟಿನ ಹೊರಗೆ ಹೋಟೆಲ್ ಮಾಡಿ, ಬೆಳಿಗ್ಗೆ ಒಳಗೆ ಹೋಗಿ ಸಂಜೆ ವಾಪಸ್ ಬರುವ ಹಾಗೆ ಇಟ್ಟಿದ್ದೆವು. ಇನ್ನು ಎಲ್ಲ ರಾತ್ರಿಯೂ ಪಾರ್ಕಿನ ಒಳಗಿನ ಕ್ಯಾಂಪಿನಲ್ಲೇ. ಮೊದಲು ಲೋವರ್ ಸಾಬಿ, ಆಮೇಲೆ ಸಟಾರಾ. ಉತ್ತರದ ಲೆಟಾಬಾ ಕಡೆಗೆ ಹೋಗುವುದನ್ನು ಕೈಬಿಟ್ಟಿದ್ದೇವೆ.

"ಅಷ್ಟು ದೂರ ಹೋಗಿ ಪೂರ್ತಿ ನೋಡದೆ ಬರೋದಾ?" ಅಂತ ಕೆಲವರು ಆಗಲೇ ಕೇಳಿದ್ದಾರೆ. ಪಾರ್ಕು ಉದ್ದಕ್ಕೇ ಸುಮಾರು 350 ಕಿ.ಮೀ. ಇದೆ. ಟಾರ್ ರಸ್ತೆಯಲ್ಲಿ ಗಂಟೆಗೆ 50, ಮಣ್ಣಿನ ರಸ್ತೆಯಲ್ಲಿ 40 ಕಿ.ಮೀ. ದಾಟುವಂತಿಲ್ಲ. ಆ ವೇಗದಲ್ಲಿ ಹೋದರೂ ಪ್ರಾಣಿ ಕಾಣಲ್ಲ, ಅರ್ಧ ವೇಗದಲ್ಲಿ ಹೋಗಬೇಕು. ಲೋವರ್ ಸಾಬಿಯಿಂದ ಪಾರ್ಕಿನ ಮುಖ್ಯ ಕ್ಯಾಂಪ್ ಸ್ಕುಕುಜಾಗೆ ಸುಮಾರು 45 ಕಿ.ಮೀ., ಮ್ಯಾಪಿನಲ್ಲಿ ಒಂದು ಗಂಟೆ. ಆದರೆ ಅದು ಸಾಬಿ ನದಿಯ ಪಕ್ಕದ ರಸ್ತೆ. ಅತ್ತಿ ಮರಗಳ ಹತ್ತಿರ ಬಬೂನುಗಳು ರಸ್ತೆಗೇ ಬಂದು ಕೂತಿರುತ್ತವೆ, ಸ್ವಲ್ಪ ಮುಂದೆ ನಾಲ್ಕೈದು ಕಾರು ನಿಂತು ಎಲ್ಲರೂ ಒಂದೇ ಕಡೆ ಕತ್ತು ಉದ್ದ ಮಾಡಿದ್ದರೆ ಅಲ್ಲಿ ಚಿರತೆಯೋ ಸಿಂಹವೋ ಇದೆ ಅಂತಲೇ ಲೆಕ್ಕ, ಹೀಗೆ ಅರ್ಧ ದಿನ ಅಲ್ಲೇ ಮುಗಿಯುತ್ತೆ. ಲೋವರ್ ಸಾಬಿ ಕ್ಯಾಂಪಿನ ಹೊರಗೇ ಸನ್‌ಸೆಟ್ ಡ್ಯಾಮ್ ಇದೆ. ನೀರಾನೆಯ ಬೆನ್ನ ಮೇಲೆ ಆಮೆಗಳು ಬಿಸಿಲು ಕಾಯಿಸುತ್ತಾ ಕೂತಿರುತ್ತವೆ, ನೀರಾನೆ ಮುಳುಗಿದರೆ ಒಂದೊಂದಾಗಿ ಜಾರುತ್ತವೆ. ಇದನ್ನು ಬಿಟ್ಟು ಸುಮ್ನೆ ಉತ್ತರಕ್ಕೆ ಓಡಿಸೋದರಲ್ಲಿ ಅರ್ಥವಿಲ್ಲ ಅನ್ನಿಸಿತು.

ಇನ್ನೊಂದು, ಗೇಟಿನ ಸಮಯ. ಜೂನ್, ಜುಲೈನಲ್ಲಿ ಬೆಳಿಗ್ಗೆ 6ಕ್ಕೆ ತೆಗೆದು ಸಂಜೆ 5.30ಕ್ಕೆ ಮುಚ್ಚುತ್ತಾರೆ. ತಡವಾದರೆ ದಂಡ, ಕತ್ತಲಲ್ಲಿ ಸ್ವಂತ ಕಾರು ಓಡಿಸುವಂತಿಲ್ಲ. ಹೊರಗೆ ಉಳಿದವರು ಗೇಟಿನಲ್ಲಿ ಕ್ಯೂ ನಿಂತು ಫಾರಂ ತುಂಬುವಷ್ಟರಲ್ಲಿ ಒಳಗಿದ್ದವರು ಸಿಂಹ ನೋಡಿಕೊಂಡು ತಿಂಡಿಗೆ ಹೊರಟಿರುತ್ತಾರೆ. ನವೆಂಬರಿನಿಂದ ಜನವರಿವರೆಗಂತೂ ಲಾಭ ಇನ್ನೂ ಜಾಸ್ತಿ: ಪಾರ್ಕಿನ ಹೊರಗೇಟು 5.30ಕ್ಕೆ, ಕ್ಯಾಂಪ್ ಗೇಟು 4.30ಕ್ಕೇ ತೆಗೆಯುತ್ತದೆ.

ಖರ್ಚು ಸ್ವಲ್ಪ ಏರುತ್ತದೆ. ಅಡುಗೆಮನೆ ಇರುವ ಕಾಟೇಜುಗಳನ್ನೇ ಹಿಡಿಯುತ್ತಿದ್ದೇವೆ, ರಾತ್ರಿ ಅನ್ನ ಸಾರು ಮಾಡಿಕೊಳ್ಳಬಹುದು. ಸಸ್ಯಾಹಾರಿಗಳ ಗೋಳು ಇದರಿಂದ ಸುಮಾರಾಗಿ ತಪ್ಪುತ್ತೆ.

ಕಾರು ನೀವೇ ಓಡಿಸಬೇಕು, ಅದು ಬದಲಾಗಿಲ್ಲ. ಅಲ್ಲೂ ನಮ್ಮ ಹಾಗೆ ಎಡಗಡೆಯೇ, ಹಾಗಾಗಿ ಭಯ ಬೇಡ. ಹಾರ್ನ್ ಮಾತ್ರ ಮರೆತುಬಿಡಿ! ನಮ್ಮವರ ಕೈ ತಾನಾಗೇ ಅದರ ಮೇಲೆ ಹೋಗುತ್ತೆ, ಅಲ್ವಾ? ಆನೆ ರಸ್ತೆಯಲ್ಲಿದ್ದರೆ ದೂರ ನಿಲ್ಲಿಸಿ. ಕಣ್ಣಿನ ಹಿಂದೆ ಕೆನ್ನೆ ಮೇಲೆ ಮದ ಸುರಿದ ಒದ್ದೆ ಗೆರೆ ಕಂಡರೆ ನಿಧಾನವಾಗಿ ರಿವರ್ಸ್ ತಗೊಳ್ಳಿ, ಫೋಟೋ ಆಮೇಲೆ. ಕಾರಿನಿಂದ ಇಳಿಯಲು ಅವಕಾಶ ಇರುವುದು ಕ್ಯಾಂಪು, ಪಿಕ್ನಿಕ್ ಸ್ಪಾಟಿನಂಥ ಗುರುತು ಮಾಡಿದ ಕಡೆ ಮಾತ್ರ. ಮಕ್ಕಳಿದ್ದರೆ ಹೊರಡುವ ಮುಂಚೆ ಬಾತ್‌ರೂಮಿಗೆ ಕಳಿಸಿ. ಅದು ಮಲೇರಿಯಾ ಇರುವ ಜಾಗ, ಮಾತ್ರೆ ಬಗ್ಗೆ ನಿಮ್ಮ ಡಾಕ್ಟರನ್ನು ಈಗಲೇ ಕೇಳಿ.

ಹೊಸ ಪ್ಲಾನ್ ಬೇಡ ಅನ್ನುವವರು ಈ ತಿಂಗಳ ಕೊನೆಯೊಳಗೆ ಫೋನ್ ಮಾಡಿ, ಅಡ್ವಾನ್ಸ್ ಪೂರ್ತಿ ವಾಪಸ್ ಕೊಡುತ್ತೇವೆ. ಆಮೇಲೆ ಕ್ಯಾಂಪಿಗೆ ದುಡ್ಡು ಕಟ್ಟಿಬಿಡುತ್ತೇವೆ, ಆಗ ಕಷ್ಟ. ಒಪ್ಪಿಗೆ ಇರುವವರು ಒಂದು ಕಾರಿನಲ್ಲಿ ಎಷ್ಟು ಜನ, ಯಾರು ಓಡಿಸುತ್ತೀರಿ ಅಂತ ಒಂದು ಮೆಸೇಜ್ ಹಾಕಿ ಸಾಕು.

ಇಂತಿ,
ನಿಮ್ಮ ಪ್ರವಾಸ ತಂಡ, ಬೆಂಗಳೂರು