ಪುಟ್ಟ ಬಂದು ಇವತ್ತಿಗೆ ಎಂಟು ದಿನ

ಮೈಸೂರು
ಸೋಮವಾರ ರಾತ್ರಿ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು "ಅಲ್ಲಿ ಮೊದಲ ವಾರ ಹೇಗಿರುತ್ತೋ ಏನೋ" ಅಂದಾಗ ನಾನು ಸುಮ್ನೆ "ಏನೂ ಆಗಲ್ಲ ಹೋಗೋ" ಅಂದುಬಿಟ್ಟೆ. ಫೋನ್ ಇಟ್ಟ ಮೇಲೆ ಬೇಜಾರಾಯಿತು. ಆ ಮೊದಲ ವಾರ ನಮ್ಮ ಮನೆಯಲ್ಲೇ, ನನ್ನ ಕಣ್ಣೆದುರೇ ನಡೆದಿದೆಯಲ್ಲ! ನೀನು ಮಂಡ್ಯ ಬಿಟ್ಟು ಜರ್ಮನಿಗೆ ಹೋಗಿ ಅಲ್ಲಿನವರ ಮನೆಯಲ್ಲಿ ಇರೋಕೆ ಇನ್ನು ಮೂರೇ ವಾರ ಇರೋದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಿನ್ನ ಹಾಗೇ ಬೇರೆ ದೇಶದವರ ಮನೆಯಲ್ಲಿ ಇರೋಕೆ ಅಂತ ನಮ್ಮ ಮನೆಗೆ ಬಂದಿರುವವನು ಜರ್ಮನಿಯ ಕಲೋನ್ ಊರಿನವನು. ವಯಸ್ಸು 16, ಎತ್ತರ ಆರಡಿ. ಅವನ ಹೆಸರು ಅಜ್ಜಿಯ ಬಾಯಿಗೆ ಹೊರಳಲಿಲ್ಲ. ಮೊದಲ ದಿನವೇ "ಪುಟ್ಟ" ಅಂದರು. ಈಗ ಎದುರುಮನೆಯವರೂ ಹಾಗೇ ಕರೆಯುತ್ತಾರೆ, ಅವನೂ ತಿರುಗಿ ನೋಡುತ್ತಾನೆ.

ಮೊದಲ ಎರಡು ದಿನ ನಿದ್ದೆಯದ್ದೇ ಗೋಳು. ಜರ್ಮನಿ ಈಗ ನಮಗಿಂತ ಮೂರೂವರೆ ಗಂಟೆ ಹಿಂದೆ. ಅಮ್ಮ ಆರು ಗಂಟೆಗೆ ಕಾಫಿ ಹಿಡಿದು ಎಬ್ಬಿಸಿದರೆ ಅವನ ಮೈಗೆ ಅದು ರಾತ್ರಿ ಎರಡೂವರೆ. ನಿನಗೆ ಉಲ್ಟಾ ಆಗುತ್ತೆ. ಸಂಜೆ ಏಳಕ್ಕೇ ಕಣ್ಣು ಎಳೆಯುತ್ತೆ, ಬೆಳಗಿನ ಜಾವ ಮೂರಕ್ಕೇ ಎಚ್ಚರ. ಆ ಮನೆಯವರಿಗೆ ಮೊದಲೇ ಹೇಳಿಬಿಡು. ಇನ್ನೊಂದು, ಅಲ್ಲಿಗೆ ಹೋದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ನಿನ್ನ ವಿಳಾಸ ಬರೆಸಬೇಕು, ಮರೆಯಬೇಡ.

ಊಟದ ವಿಷಯಕ್ಕೆ ಬರುತ್ತೇನೆ. ಬುಧವಾರ ಅಮ್ಮ "ಇನ್ನೊಂಚೂರು ಅನ್ನ?" ಅಂತ ಕೇಳಿದರು. ಅವನು ನಗುತ್ತಾ "ಥ್ಯಾಂಕ್ ಯೂ" ಅಂದ. ಅಮ್ಮ ಬಡಿಸಿದರು. ಖಾಲಿ ಮಾಡಿದ. ಮತ್ತೆ ಕೇಳಿದರು, ಮತ್ತೆ ಥ್ಯಾಂಕ್ ಯೂ. ಹೀಗೆ ಮೂರು ಸಲ. ರಾತ್ರಿ ನೋಡಿದರೆ ಹೊಟ್ಟೆ ಹಿಡಿದುಕೊಂಡು ಮಂಚದ ಮೇಲೆ ಕೂತಿದ್ದಾನೆ, ಪಾಪ. ಆಗ ಗೊತ್ತಾಯಿತು. ಜರ್ಮನ್‌ನಲ್ಲಿ ಏನಾದರೂ ಬೇಕಾ ಅಂತ ಕೇಳಿದಾಗ ಬರೀ "ಡಾಂಕೆ" ಅಂದರೆ "ಬೇಡ" ಅಂತಲೇ ಅರ್ಥವಂತೆ. ಅದನ್ನೇ ಇಂಗ್ಲಿಷಿನಲ್ಲಿ ಹೇಳುತ್ತಾ ಇದ್ದ. ಬೇಕಿದ್ದರೆ "ಯಾ, ಬಿಟ್ಟೆ" ಅನ್ನಬೇಕು. ಇದನ್ನು ನೀನು ಚೆನ್ನಾಗಿ ನೆನಪಿಟ್ಟುಕೋ. ನೀನು ನಮ್ಮ ಮನೆಯಲ್ಲೇ ಎರಡು ಸಲ ಬೇಡ ಅಂದು ಮೂರನೇ ಸಲ ತಟ್ಟೆ ಮುಂದೆ ಮಾಡುವವನು. ಅಲ್ಲಿ ಒಂದು ಸಲ ಬೇಡ ಅಂದರೆ ಮುಗೀತು, ಇನ್ನೊಮ್ಮೆ ಕೇಳಲ್ಲ. ಅಸಡ್ಡೆ ಅಂದುಕೊಳ್ಳಬೇಡ ಕಣೋ, ನಿನ್ನ ಮಾತನ್ನು ಅವರು ಹಾಗೇ ನಂಬಿರುತ್ತಾರೆ ಅಷ್ಟೆ. ಇವನ ಮನೆಯಲ್ಲಿ ರಾತ್ರಿ ಜಾಸ್ತಿ ದಿನ ಒಲೆಯನ್ನೇ ಹಚ್ಚಲ್ಲವಂತೆ, ಬ್ರೆಡ್ಡು ಚೀಸು ಅಷ್ಟೇ. ಬಿಸಿ ಮುದ್ದೆ ಬಸ್ಸಾರು ಉಂಡು ಬೆಳೆದ ನಿನಗೆ ಅದು ಕಷ್ಟವೇ.

ಮಾರನೇ ದಿನ ಅಜ್ಜಿ ಅವನಿಗೆ ಅಂಗೈಯನ್ನು ತಟ್ಟೆಗೆ ಅಡ್ಡ ಹಿಡಿದು "ಸಾಕು" ಅನ್ನೋದನ್ನು ಕಲಿಸಿದರು. ಅವನು ಕಲಿತ ಮೊದಲ ಕನ್ನಡ ಪದ ಅದು.

ಅವನು ರೂಮಿನ ಬಾಗಿಲು ಹಾಕಿಕೊಂಡಾಗಲೆಲ್ಲ ಅಮ್ಮನಿಗೆ ಗಾಬರಿ, ಮಗು ಮುನಿಸಿಕೊಂಡಿತಾ ಅಂತ. ಅವರ ಮನೆಯಲ್ಲಿ ಬಾಗಿಲು ಹಾಕಿರೋದು ಮಾಮೂಲಿ. ಅಲ್ಲಿ ಬಾಗಿಲು ಹಾಕಿದ್ದರೆ ನೀನೂ ತಪ್ಪು ತಿಳಿಯಬೇಡ, ತಟ್ಟು.

ಈಗ ನಿನ್ನೆಯ ಮಾತು. ಬೆಳಗ್ಗೆಯಿಂದ ಪುಟ್ಟ ಮಂಕಾಗಿದ್ದ. ಭಾನುವಾರ ಸಂಜೆ ಏಳಕ್ಕೆ ಅರಮನೆಯ ದೀಪ ಹಾಕುತ್ತಾರಲ್ಲ, ಸುಮಾರು ಒಂದು ಲಕ್ಷ ಬಲ್ಬು, ಅದನ್ನು ನೋಡಿದರೆ ಖುಷಿಯಾಗುತ್ತಾನೆ ಅಂತ ಕರೆದುಕೊಂಡು ಹೊರಟೆ. ಅಶೋಕ ರಸ್ತೆಯಲ್ಲಿ ಆಟೋ ಹೋಗುತ್ತಾ ಇದ್ದಾಗ ನನ್ನ ಭುಜ ಗಟ್ಟಿಯಾಗಿ ಹಿಡಿದ. ಎದುರಿಗೆ ಫಿಲೋಮಿನಾ ಚರ್ಚಿನ ಎರಡು ಗೋಪುರ.

ಇಳಿದೆವು. ಅವನು ತಲೆ ಎತ್ತಿ ನಿಂತೇ ಇದ್ದ. ಅವನ ಊರಿನಲ್ಲಿ ರೈಲ್ವೆ ಸ್ಟೇಷನ್ ಪಕ್ಕದಲ್ಲೇ ಇಂಥದ್ದೇ ಎರಡು ಗೋಪುರದ ದೊಡ್ಡ ಚರ್ಚು ಇದೆ. ಅದನ್ನು ನೋಡಿಯೇ ನಮ್ಮದನ್ನು ಕಟ್ಟಿದ್ದು. 1933ರಲ್ಲಿ ನಾಲ್ವಡಿಯವರು ಅಡಿಗಲ್ಲು ಹಾಕಿದ್ದು ನನಗೆ ಗೊತ್ತಿತ್ತು, ಕಲೋನ್ ವಿಷಯ ಮಾತ್ರ ಹೊಳೆದೇ ಇರಲಿಲ್ಲ. ಅವರದು 157 ಮೀಟರ್ ಎತ್ತರ, ಅಂದರೆ ಸುಮಾರು 515 ಅಡಿ, ನಮ್ಮ 175 ಅಡಿಯ ಹತ್ತಿರ ಹತ್ತಿರ ಮೂರು ಪಟ್ಟು. 1248ರಲ್ಲಿ ಶುರು ಮಾಡಿ 1880ರಲ್ಲಿ ಮುಗಿಸಿದರು ಅಂತ ಅವನೇ ಹೇಳಿದ. ಹೇಳುತ್ತಾ ಹೇಳುತ್ತಾ ಆ ಕಡೆ ತಿರುಗಿದ. ಅಳುತ್ತಿದ್ದ.

ಏನು ಹೇಳೋದು ಗೊತ್ತಾಗಲಿಲ್ಲ. ಪಕ್ಕದಲ್ಲಿ ನಿಂತುಕೊಂಡೆ, ಅಷ್ಟೆ. ಅರಮನೆಯ ದೀಪ ತಪ್ಪಿತು. ಚುರುಮುರಿ ತಿನ್ನುತ್ತಾ ನಡೆದುಕೊಂಡು ಬಂದೆವು. ದಾರಿಯಲ್ಲಿ ಅವನು ಹೇಳಿದ್ದು ಇದು. ಎಲ್ಲರೂ ತುಂಬಾ ಚೆನ್ನಾಗಿ ನೋಡಿಕೊಳ್ಳುತ್ತಾರೆ, ಆದರೆ ದಿನವಿಡೀ ನೆಂಟನಾಗಿ ಇರೋದು ಸುಸ್ತಾಗುತ್ತೆ, ಏನಾದರೂ ಕೆಲಸ ಕೊಡಿ. ಒಂಬತ್ತೂವರೆಗೆ ಅವರಮ್ಮನಿಗೆ ಫೋನ್ ಮಾಡಿದ. ಅಲ್ಲಿ ಆಗ ಸಂಜೆ ಆರು. ತುಂಬಾ ಹೊತ್ತು ಮಾತಾಡಿದ.

ಇವತ್ತು ನಾನು ಅಮ್ಮನಿಗೆ ಹೇಳಿದೆ. "ಮನೆಗೆ ಬಂದವರ ಕೈಲಿ ಕೆಲಸ ಮಾಡಿಸ್ತಾರೇನೋ" ಅಂತ ಬೈದರು. ಅಜ್ಜಿ ಮಾತಿಲ್ಲದೆ ಮೊರದ ತುಂಬ ಬೆಳ್ಳುಳ್ಳಿ ತಂದು ಅವನ ಮುಂದಿಟ್ಟರು. ಒಂದು ಗಂಟೆ ಕೂತು ಅಷ್ಟನ್ನೂ ಬಿಡಿಸಿದ. ಈ ವಾರದಲ್ಲಿ ಅವನ ಮುಖ ಅಷ್ಟು ಹಗುರಾಗಿದ್ದನ್ನು ನಾನು ನೋಡಿರಲಿಲ್ಲ. ನೀನೂ ಹೋದ ಮೊದಲ ದಿನವೇ ಕೇಳು, ಪಾತ್ರೆ ತೊಳೆಯೋದಾದರೂ ಸರಿ.

ಬರುವ ಭಾನುವಾರ ಬೆಳಗಿನ ರೈಲಿಗೇ ಬಾ. ಜರ್ಮನ್ ಉಚ್ಚಾರ ಹೇಳಿಕೊಡುತ್ತಾನಂತೆ. ಸಂಜೆ ಮೂವರೂ ಅರಮನೆಗೆ ಹೋಗೋಣ. ಬರುವಾಗ ನಿಮ್ಮ ಆಲೆಮನೆಯ ಬೆಲ್ಲ ತಾ, ಪುಟ್ಟನಿಗೆ ಕಾಫಿಗಿಂತ ಬೆಲ್ಲ ಇಷ್ಟವಾಗಿದೆ.

ನಿನ್ನ ಗೆಳೆಯ