ಡಬ್ಬಿಯ ಮೇಲೆ ಕನ್ನಡದಲ್ಲಿ ವಾರ ಬರೆದಿದ್ದೇವೆ

ಸ್ಟುಟ್‌ಗಾರ್ಟ್
2 ಜನವರಿ 2025

ಅಪ್ಪ, ಅಮ್ಮ, ಅಜ್ಜಿಗೆ ನಮಸ್ಕಾರಗಳು.

ನಾವು ಮೂವರೂ ಕ್ಷೇಮ. ಪುಟ್ಟಿಯ ನೆಗಡಿ ವಾಸಿಯಾಯಿತು. ಇವರಿಗೆ ಆರನೇ ತಾರೀಖಿನ ತನಕ ರಜೆ. ಎಳ್ಳಮಾವಾಸ್ಯೆ ಜಾತ್ರೆ ಹೇಗಾಯಿತು? ಅಜ್ಜಿಯನ್ನು ತೆಪ್ಪೋತ್ಸವಕ್ಕೆ ಕರೆದುಕೊಂಡು ಹೋಗಿದ್ದಿರಾ? ತುಂಗೆಯ ದಡದಲ್ಲಿ ರಾತ್ರಿ ಚಳಿ ಜಾಸ್ತಿ ಇರುತ್ತದೆ, ಶಾಲು ಹೊದೆಸಿದ್ದಿರಿ ಅಂದುಕೊಂಡಿದ್ದೇನೆ.

ಅಮ್ಮ, ಸುಮಾಳ ಗೆಳತಿ ತಂದ ಗಂಟು ಸೋಮವಾರ ಸಿಕ್ಕಿತು. ಚಕ್ಕುಲಿ ಒಂದೂ ಮುರಿದಿಲ್ಲ. ಉಪ್ಪಿನಕಾಯಿಯ ಎಣ್ಣೆಯೂ ಸೋರಿಲ್ಲ. ಚಕ್ಕುಲಿ ಡಬ್ಬದ ತಳದಲ್ಲಿ ಹಾಸಿದ ಪೇಪರಿನ ಕೆಳಗೆ ನಿನ್ನ ಕಾಗದ ಇತ್ತು. ನಾಲ್ಕಾಗಿ ಮಡಚಿ, ಮೇಲೆ "ವೀಣಾ, ಒಬ್ಬಳೇ ಓದು" ಅಂತ ಬರೆದಿದ್ದೆ. ಅಷ್ಟು ನೋಡಿದ್ದೇ ನನ್ನ ಎದೆ ಹೊಡೆದುಕೊಳ್ಳಲು ಶುರುವಾಯಿತು.

ಅಪ್ಪ, ಅಮ್ಮನ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಅವಳು ಬರೆದದ್ದು ಒಳ್ಳೆಯದೇ ಆಯಿತು. ನಾನು ಫೋನ್ ಮಾಡಿದಾಗಲೆಲ್ಲ ನೀವು ಪಕ್ಕದಲ್ಲೇ ಕೂತಿರುತ್ತೀರಿ, ಅವಳಿಗೆ ಮಾತಾಡಲು ಆಗುವುದಿಲ್ಲ. ನಿನ್ನೆ ನಾನು ಕೇಳಿದಾಗಲೂ ನೀವು "ಆಯ್ತು, ಆಯ್ತು, ತಗೊಳ್ತೀನಿ" ಅಂತ ಹೇಳಿ ಫೋನ್ ಅಜ್ಜಿಯ ಕೈಗೆ ಕೊಟ್ಟುಬಿಟ್ಟಿರಿ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಕಾಗದವನ್ನು ಇನ್ನೊಬ್ಬರ ಕೈಗೆ ದಾಟಿಸಿ ತಪ್ಪಿಸಿಕೊಳ್ಳಲು ಆಗುವುದಿಲ್ಲ, ಅಲ್ವಾ?

ಹಲ್ಲು ನೋವು ಬಂತು, ಕೀಳಿಸಬೇಕಾದರೆ ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಬೇಕು ಎಂದು ಪೇಟೆಯಲ್ಲಿ ಯಾರೋ ಹೇಳಿದರು, ನೀವು ನಿಲ್ಲಿಸಿದಿರಿ. ಆಮೇಲೆ ನೋವು ತಾನೇ ಕಡಿಮೆಯಾಯಿತು, ಹಲ್ಲು ಅಲ್ಲೇ ಉಳಿಯಿತು. ಆದರೆ ಮಾತ್ರೆ ಮತ್ತೆ ಶುರುವಾಗಲೇ ಇಲ್ಲ. ಅಮ್ಮ ಬರೆದ ದಿನಕ್ಕೇ ಎಂಟು ದಿನ ಆಗಿತ್ತಂತೆ. ಅಪ್ಪ, ಅದು ಸುಮ್ನೆ ಶಕ್ತಿಗೆ ಕೊಟ್ಟ ಮಾತ್ರೆ ಅಲ್ಲ. ನಿಮ್ಮ ಹೃದಯದ ರಕ್ತನಾಳದಲ್ಲಿ ಎರಡು ಸ್ಟೆಂಟ್ ಇವೆ. ಅವು ಲೋಹದ ಸಣ್ಣ ಬಲೆಗಳು. ಅವುಗಳ ಮೇಲೆ ಒಳಚರ್ಮ ಚೆನ್ನಾಗಿ ಬೆಳೆದುಕೊಳ್ಳುವ ತನಕ ರಕ್ತ ಅಲ್ಲಿ ಹೆಪ್ಪುಗಟ್ಟುವ ಭಯ ಇರುತ್ತದೆ. ಹಾಗೆ ಆಗದಿರಲಿ ಎಂದೇ ಎರಡು ಮಾತ್ರೆ ಕೊಟ್ಟಿರುವುದು. ಒಂದು ಇನ್ನೊಂದರ ಬದಲಿಗೆ ಅಲ್ಲ, ಎರಡೂ ಬೇಕು. ಚೀಟಿಯಲ್ಲಿ ಒಂದು ವರ್ಷ ಎಂದು ಬರೆದಿದ್ದಾರೆ, ಅಂದರೆ ಬರುವ ಆಗಸ್ಟ್ ತನಕ. ಹಲ್ಲು ಕೀಳಿಸುವುದೇ ಆದರೂ ಮೊದಲು ಹೃದಯದ ಡಾಕ್ಟರನ್ನು ಕೇಳಬೇಕು. ಮಾತ್ರೆ ನಿಲ್ಲಿಸದೆಯೇ ಎಷ್ಟೋ ಜನರಿಗೆ ಹಲ್ಲು ಕೀಳುತ್ತಾರೆ.

ಸುಮಾ ಶಿವಮೊಗ್ಗದ ಡಾಕ್ಟರಿಗೆ ಫೋನ್ ಮಾಡಿ ಎಲ್ಲ ಹೇಳಿದ್ದಾಳೆ. ಇವತ್ತಿನಿಂದಲೇ ಶುರು ಮಾಡಿ, ಶನಿವಾರ ಕರೆದುಕೊಂಡು ಬನ್ನಿ ಎಂದರಂತೆ. ಈ ಕಾಗದ ನಿಮ್ಮ ಕೈ ಸೇರುವಷ್ಟರಲ್ಲಿ ನೀವು ಹೋಗಿ ಬಂದಿರುತ್ತೀರಿ. ಹೋಗಿರದಿದ್ದರೆ ದಯವಿಟ್ಟು ಕಾಗದ ಇಲ್ಲಿಗೇ ಮಡಚಿಟ್ಟು ಮೊದಲು ಹೊರಡಿ.

ಅಮ್ಮ ಇನ್ನೊಂದು ಮಾತನ್ನೂ ಬರೆದಿದ್ದಾಳೆ. "ವೀಣಾಗೆ ಕೆಲಸ ಹೋಗಿ ಈಗಷ್ಟೇ ಸಿಕ್ಕಿದೆ, ಈ ಸಲ ಅಡಿಕೆಯೂ ಇಲ್ಲ, ಮಾತ್ರೆಗೇ ಎಷ್ಟು ಸುರಿಯೋದು" ಎಂದಿರಂತೆ. ಅದನ್ನು ಓದಿ ನಾನು ತುಂಬ ಹೊತ್ತು ಅಡುಗೆಮನೆಯಲ್ಲಿ ಸುಮ್ಮನೆ ನಿಂತಿದ್ದೆ. ಸ್ಟವ್ ಮೇಲೆ ಹಾಲು ಉಕ್ಕಿದ್ದೂ ಗೊತ್ತಾಗಲಿಲ್ಲ.

ಹೋದ ವರ್ಷ ನಾವಿಬ್ಬರೂ ಮಾಡಿದ್ದು ಇದೇ ಅಲ್ವಾ ಅಪ್ಪ? ನಾನು ನಿಮ್ಮಿಂದ ಮುಚ್ಚಿಟ್ಟೆ, ನೀವು ನನ್ನಿಂದ ಮುಚ್ಚಿಟ್ಟಿರಿ. ಏಪ್ರಿಲ್‌ನಲ್ಲಿ ಸುಮಾಳ ಮದುವೆಗೆ ಬಂದಾಗ ನನ್ನ ಕೆಲಸ ಹೋಗುವುದು ಗೊತ್ತಾಗಿ ಮೂರು ವಾರ ಆಗಿತ್ತು. ಕಾರಿನ ಬಿಡಿಭಾಗ ಮಾಡುವ ಕಂಪನಿಗಳಿಗೆ ಇಲ್ಲಿ ಕಷ್ಟದ ಕಾಲ, ನಮ್ಮ ಇಡೀ ವಿಭಾಗವನ್ನೇ ಮುಚ್ಚಿದರು. ಜೂನ್ ಕೊನೆಗೆ ಕೊನೆಯ ದಿನ ಎಂಬ ಕಾಗದ ಬ್ಯಾಗಿನಲ್ಲಿ ಇಟ್ಟುಕೊಂಡೇ ವಿಮಾನ ಹತ್ತಿದ್ದೆ. ಮದುವೆ ಮನೆಯಲ್ಲಿ ಹೇಗೆ ಹೇಳಲಿ? ಚಪ್ಪರ ಹಾಕಿದೆ, ನೆಂಟರೆಲ್ಲ ಬಂದಿದ್ದಾರೆ, ನೀವು "ನಮ್ಮ ದೊಡ್ಡವಳು ಜರ್ಮನಿಯಲ್ಲಿ ಎಂಜಿನಿಯರ್" ಎಂದು ಬಂದವರಿಗೆಲ್ಲ ಪರಿಚಯ ಮಾಡಿಸುತ್ತಿದ್ದೀರಿ. ಹೇಳಲು ಬಾಯಿ ಬರಲಿಲ್ಲ.

ಧಾರೆಯ ಹೊತ್ತಿಗೆ ನಾನು ನಿಮ್ಮ ಹಿಂದೆಯೇ ನಿಂತಿದ್ದೆ. ಅಮ್ಮ ನೀರು ಬಿಡುತ್ತಿದ್ದಳು, ನಿಮ್ಮ ಕೈ ನಡುಗುತ್ತಿತ್ತು. ತೆಂಗಿನಕಾಯಿಯ ಮೇಲಿಂದ ನೀರು ಒಂದೇ ಧಾರೆಯಾಗಿ ಇಳಿಯದೆ ಅತ್ತ ಇತ್ತ ಚೆಲ್ಲಿ ನಿಮ್ಮ ಪಂಚೆ ಒದ್ದೆಯಾಯಿತು. ಕತ್ತಿನ ಹಿಂದೆ ಬೆವರು ಇಳಿಯುತ್ತಿತ್ತು. ಮಗಳನ್ನು ಕೊಡುವ ಸಂಕಟ, ಜೊತೆಗೆ ಸೆಕೆ ಅಂದುಕೊಂಡೆ. ನನ್ನ ಸೆರಗಿನಿಂದ ನಾನೇ ಒರೆಸಿದೆ. ನೀವು ತಿರುಗಿ ನೋಡಿ ನಕ್ಕಿರಿ. ಆಗಲೇ ಎದೆ ಹಿಡಿದಂತೆ ಆಗುತ್ತಿತ್ತು ಎಂದು ಆಸ್ಪತ್ರೆಯಲ್ಲಿ ಡಾಕ್ಟರ ಮುಂದೆ ಹೇಳಿದಿರಂತೆ. ಒಂದೇ ಮಂಟಪದಲ್ಲಿ, ಒಂದು ಗೇಣು ದೂರದಲ್ಲಿ ನಿಂತಿದ್ದೆವು. ಇಬ್ಬರೂ ಬಾಯಿ ಬಿಡಲಿಲ್ಲ.

ಆಮೇಲೆ ಆ ಮಳೆ. ಜುಲೈ ಪೂರ್ತಿ ಬಿಡಲೇ ಇಲ್ಲ. ಕೊಳೆ ರೋಗ ಬಂದು ಕಾಯಿ ಉದುರಿ ತೋಟದ ತುಂಬ ಚೆಲ್ಲಿತ್ತು ಎಂದು ಸುಮಾ ಫೋಟೋ ಕಳಿಸಿದ್ದಳು. ಎರಡನೇ ಸಲದ ಔಷಧಿಗೆ ಹೊಳವು ಸಿಗದೆ ಕಾದು ಕಾದು, ಮಳೆ ಸ್ವಲ್ಪ ಬಿಟ್ಟ ದಿನ ನೀವೇ ನಿಂತು ಬೋರ್ಡೋ ಕಲಸಿದಿರಿ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಬೇರೆಯವರ ಕೈಗೆ ಕೊಟ್ಟರೆ ಅಳತೆ ತಪ್ಪುತ್ತದೆ ಎಂದು. ಬೆಳಗಿನಿಂದ ಸಂಜೆ ತನಕ ಒದ್ದೆ ತೋಟದಲ್ಲಿ. ಎದೆ ನೋವಿಗೆ ಗ್ಯಾಸು ಎಂದು ಜೀರಿಗೆ ಕಷಾಯ ಕುಡಿದು ಮಲಗಿದಿರಿ.

ಅವತ್ತು ಊರಿನಲ್ಲಿ ರಾತ್ರಿ ಎರಡು ಗಂಟೆ ಆದಾಗ ಇಲ್ಲಿ ಹತ್ತೂವರೆ ಆಗಿತ್ತು. ಸುಮಾಳ ಫೋನ್ ಬಂದಾಗ ನಾನು ಪುಟ್ಟಿಯ ಬಟ್ಟೆ ಮಡಚುತ್ತಿದ್ದೆ. ಮಂಜಣ್ಣ ಜೀಪ್ ತಂದರು, ಅರವತ್ತು ಕಿಲೋಮೀಟರ್, ದಾರಿಯಲ್ಲಿ ಮರ ಬಿದ್ದಿತ್ತು. ಅವರು ಜೀಪಿನ ಲೈಟಿನಲ್ಲಿ ಕತ್ತಿ ಹಿಡಿದು ಕೊಂಬೆ ಕಡಿದು ದಾರಿ ಮಾಡಿದರು. ಆ ಒಂದು ಗಂಟೆ ಅಮ್ಮ ಫೋನ್ ಕಟ್ ಮಾಡಲಿಲ್ಲ, ಮಾತೂ ಆಡಲಿಲ್ಲ. ವೈಪರ್ ಸದ್ದು ಮಾತ್ರ ಕೇಳುತ್ತಿತ್ತು. ಮಂಜಣ್ಣನ ಋಣ ನಾವು ಯಾವ ಜನ್ಮದಲ್ಲೂ ತೀರಿಸಲಾರೆವು. ಅವರ ಮಗನ ಕಾಲೇಜಿನ ಫೀಸಿನ ವಿಷಯ ಇವರೂ ನಾನೂ ಮಾತಾಡಿಕೊಂಡಿದ್ದೇವೆ. ಅಮ್ಮ, ಅವರ ಮನಸ್ಸು ನೋಯದ ಹಾಗೆ ಹೇಗೆ ಕೇಳಬೇಕೋ ನೀನೇ ಕೇಳು.

ಇಲ್ಲಿ ನನ್ನ ಕೈ ಹಿಡಿದವರು ಕೆಳಗಿನ ಮನೆಯ ಅಜ್ಜಿ. ಎಪ್ಪತ್ತೆಂಟು ವರ್ಷ, ಒಬ್ಬರೇ ಇರುವುದು. ಈ ಊರಿನಲ್ಲಿ 'ಕೇರ್‌ವೋಖೆ' ಅಂತ ಒಂದು ಪದ್ಧತಿ ಇದೆ. ಒಂದೊಂದು ವಾರ ಒಂದೊಂದು ಮನೆಯವರು ಮೆಟ್ಟಿಲು, ಅಂಗಳ, ಮನೆ ಮುಂದಿನ ದಾರಿ ಗುಡಿಸಿ ಒರೆಸಬೇಕು. ಯಾರ ಸರದಿಯೋ ಅವರ ಬಾಗಿಲಿಗೆ ಒಂದು ಹಲಗೆ ತೂಗುಹಾಕುತ್ತಾರೆ. ಇಂಜಿನಿಯರ್ ಆಗಲಿ, ಪ್ರೊಫೆಸರ್ ಆಗಲಿ, ಪೊರಕೆ ಹಿಡಿಯಲೇಬೇಕು. ಹೊರಗಿನವರಿಗೆ ಇದು ವಿಚಿತ್ರ ಅನಿಸಬಹುದು, ನನಗೆ ಮಾತ್ರ ಇಷ್ಟ. ಬೆಳಿಗ್ಗೆ ಎದ್ದು ಅಂಗಳ ಗುಡಿಸಿಯೇ ಬೆಳೆದವಳು ನಾನು. ಆಗಸ್ಟ್‌ನಲ್ಲಿ ನಮ್ಮ ಸರದಿ ಇತ್ತು. ನಿಮ್ಮ ಸುದ್ದಿ ಬಂದ ಮಾರನೇ ದಿನ ನಾನು ಅತ್ತ ಮುಖದಲ್ಲೇ ಬಕೆಟ್ ಹಿಡಿದು ಬಾಗಿಲು ತೆಗೆದರೆ ಹಲಗೆ ಇರಲಿಲ್ಲ. ಆ ಅಜ್ಜಿ ಅದನ್ನು ತೆಗೆದುಕೊಂಡು ಹೋಗಿ ತಮ್ಮ ಬಾಗಿಲಿಗೆ ಹಾಕಿಕೊಂಡಿದ್ದರು. ಮೆಟ್ಟಿಲು ಆಗಲೇ ಒದ್ದೆಯಾಗಿ ಹೊಳೆಯುತ್ತಿತ್ತು. ಮಂಡಿ ನೋವಿನ ಮನುಷ್ಯರು, ಮೂರು ಅಂತಸ್ತು ಒರೆಸಿದ್ದರು.

ಅವರಿಗೂ ಸ್ಟೆಂಟ್ ಹಾಕಿ ಒಂಬತ್ತು ವರ್ಷ ಆಗಿದೆ. ದಿನಾ ನಡೆದು ಅಂಗಡಿಗೆ ಹೋಗುತ್ತಾರೆ. ಅವರ ಊಟದ ಮೇಜಿನ ಮೇಲೆ ಏಳು ಮನೆಯ ಒಂದು ಮಾತ್ರೆ ಡಬ್ಬಿ ಇದೆ, ವಾರಕ್ಕೆ ಏಳು ದಿನ, ದಿನಕ್ಕೊಂದು ಮುಚ್ಚಳ. ಭಾನುವಾರ ಸಂಜೆ ತುಂಬಿಸಿಡುತ್ತಾರೆ. ತಗೊಂಡೆನೋ ಇಲ್ಲವೋ ಎಂಬ ಅನುಮಾನವೇ ಇಲ್ಲ, ಮುಚ್ಚಳ ತೆಗೆದು ನೋಡಿದರೆ ಆಯಿತು. ಅಪ್ಪ, ನಿಮಗೂ ಅಂಥದ್ದೇ ಒಂದು ತಂದಿದ್ದೇನೆ, ಈ ಕಾಗದದ ಜೊತೆ ಇದೆ. ಮುಚ್ಚಳದ ಮೇಲೆ ಜರ್ಮನ್ ವಾರದ ಹೆಸರಿನ ಮೊದಲ ಅಕ್ಷರಗಳಿದ್ದವು. ಕೊನೆಯ ಮುಚ್ಚಳದಲ್ಲಿ 'ಸೋ' ಎಂದು ಓದುವ ಹಾಗಿತ್ತು. ಇಲ್ಲಿ ಅದು ಭಾನುವಾರ, ನಮಗೆ ಸೋಮವಾರ! ನೀವು ಖಂಡಿತ ಸೋಮವಾರ ಎಂದೇ ತಿಳಿಯುತ್ತೀರಿ ಎಂದು ನಾನೂ ಪುಟ್ಟಿಯೂ ಕೂತು ಎಲ್ಲದರ ಮೇಲೂ ಕನ್ನಡದಲ್ಲಿ ಬರೆದ ಚೀಟಿ ಅಂಟಿಸಿದ್ದೇವೆ. 'ಸೋ', 'ಮಂ', 'ಬು', 'ಗು' ಪುಟ್ಟಿಯೇ ಬರೆದದ್ದು. 'ಗು'ವಿಗೆ ಕೊಂಬು ಸ್ವಲ್ಪ ಉದ್ದವಾಗಿದೆ, ಅಜ್ಜಿಗೆ ತೋರಿಸಿ.

ಅಜ್ಜಿ ಅಂದಾಗ ನೆನಪಾಯಿತು. ವರ್ಷದಲ್ಲಿ ನನಗೆ ಬಹಳ ಸಮಾಧಾನ ಕೊಟ್ಟ ದಿನ ಅವರ ಸಹಸ್ರ ಚಂದ್ರದರ್ಶನ. ಎಂಬತ್ತು ವರ್ಷ ಹತ್ತು ತಿಂಗಳಲ್ಲಿ ಸಾವಿರ ಹುಣ್ಣಿಮೆ ಆಗುತ್ತದೆ ಎಂದು ನೀವೇ ಲೆಕ್ಕ ಹಾಕಿ ತೋರಿಸಿದ್ದಿರಿ, ಆಸ್ಪತ್ರೆಯಿಂದ ಬಂದು ಮೂರು ತಿಂಗಳೂ ಆಗಿರಲಿಲ್ಲ. ಕಾರ್ತಿಕ ಹುಣ್ಣಿಮೆಯ ರಾತ್ರಿ ಅಂಗಳದಲ್ಲಿ ಅಜ್ಜಿ ಹೊಸ ಸೀರೆಯಲ್ಲಿ, ಪಕ್ಕದಲ್ಲಿ ನೀವು. ವಿಡಿಯೋದಲ್ಲಿ ಅಜ್ಜಿ "ನಿಂಗೂ ಚಂದ್ರ ಕಂಡ್ನಾ" ಎಂದು ಕೇಳಿದರು. ಇಲ್ಲಿ ಆಗ ಮಧ್ಯಾಹ್ನ ಎರಡೂವರೆ. ಆಮೇಲೆ ಸಂಜೆ ಪುಟ್ಟಿಯನ್ನು ಎತ್ತಿಕೊಂಡು ಗುಡ್ಡದ ಮೇಲಿನ ಬಸ್ ಸ್ಟಾಪಿಗೆ ಹೋದೆ. ಮನೆಗಳ ಹಿಂದಿನಿಂದ ದೊಡ್ಡ ಚಂದ್ರ ಬಂದ. ಅಜ್ಜಿ ನೋಡಿದ ಚಂದ್ರನೇ ಎಂದು ಅವಳಿಗೆ ಹೇಳಿದೆ. ಅಲ್ಲೇ ನಿಂತು ನಿಮ್ಮ ಮೂವರಿಗೂ ಕೈ ಮುಗಿದೆ.

ಈಗ ದುಡ್ಡಿನ ವಿಷಯ. ಇನ್ನು ಮುಂದೆ ಏನೂ ಮುಚ್ಚಿಡುವುದಿಲ್ಲ, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಕೆಲಸ ಇಲ್ಲದ ಮೂರು ತಿಂಗಳು ಇಲ್ಲಿನ ಸರಕಾರದ ನಿರುದ್ಯೋಗ ವಿಮೆಯಿಂದ, ಕೈಗೆ ಬರುತ್ತಿದ್ದ ಸಂಬಳದ ಶೇಕಡಾ 67ರಷ್ಟು ಬಂತು. ಮಗು ಇಲ್ಲದವರಿಗೆ 60. ನಮ್ಮ ಸಂಬಳದಿಂದ ತಿಂಗಳು ತಿಂಗಳು ಹಿಡಿದ ದುಡ್ಡೇ ಅದು, ಯಾರ ಮುಂದೆಯೂ ಕೈ ಚಾಚಿದ್ದಲ್ಲ. ಇವರ ಸಂಬಳವೂ ಇತ್ತು. ಅಕ್ಟೋಬರ್‌ನಿಂದ ಹೊಸ ಕೆಲಸ, ಆಸ್ಪತ್ರೆಯ ಯಂತ್ರಗಳಿಗೆ ಸಾಫ್ಟ್‌ವೇರ್ ಬರೆಯುವುದು. ಸಂಬಳ ಮೊದಲಿಗಿಂತ ಸ್ವಲ್ಪ ಕಡಿಮೆ. ಆರು ತಿಂಗಳು ಪ್ರೊಬೇಷನ್, ಮಾರ್ಚ್ ಕೊನೆಗೆ ಮುಗಿಯುತ್ತದೆ. ಇದನ್ನು ನಿಮಗೆ ಹೇಳಿರಲಿಲ್ಲ, ಈಗ ಹೇಳಿದೆ. ಮ್ಯಾನೇಜರ್ ನನ್ನ ಕೆಲಸ ಮೆಚ್ಚಿದ್ದಾರೆ, ಗಾಬರಿ ಆಗುವಂಥದ್ದು ಏನೂ ಇಲ್ಲ, ನಿಜವಾಗಿ ಏನೂ ಇಲ್ಲ. ದೇಶದ ಯಾವ ಮೂಲೆಯಲ್ಲಾದರೂ ಲೋಕಲ್ ರೈಲು, ಬಸ್ಸು ಹತ್ತಬಹುದಾದ ತಿಂಗಳ ಪಾಸ್ 49 ಯೂರೋ ಇದ್ದದ್ದು ನಿನ್ನೆಯಿಂದ 58 ಆಯಿತು. ನಮ್ಮ ಮನೆಯಲ್ಲಿ ಹೊಸ ವರ್ಷದ ಹೊಸ ಖರ್ಚು ಅಂದರೆ ಅಷ್ಟೇ. ನಿಮ್ಮ ಮಾತ್ರೆ ನಮಗೆ ಭಾರ ಅಲ್ಲವೇ ಅಲ್ಲ. ನೀವು ಮಾತ್ರೆ ಬಿಟ್ಟು ಉಳಿಸಿದ ಒಂದು ರೂಪಾಯಿಯೂ ನನಗೆ ಬೇಡ ಅಪ್ಪ.

ಪುಟ್ಟಿ ಖಾಲಿ ಬಾಟಲಿಗಳನ್ನು ಅಂಗಡಿಯ ಯಂತ್ರಕ್ಕೆ ಹಾಕಿ, ಒಂದಕ್ಕೆ 25 ಸೆಂಟಿನ ಹಾಗೆ ಬಂದದ್ದನ್ನು ಡಬ್ಬಿಯಲ್ಲಿ ಕೂಡಿಡುತ್ತಾಳೆ. ಅಜ್ಜ ತೋಟಕ್ಕೆ ಹಾಕಿಕೊಂಡು ಹೋಗಲು ಬೂಟು ತರಬೇಕಂತೆ. ಆ ಬೂಟು ಬಂದ ಮೇಲೂ ನೀವು ತೋಟದಲ್ಲಿ ಓಡಾಡುವುದು ಬೆಳಗಿನ ಹೊತ್ತು ಮಾತ್ರ. ಈಗ ಅಡಿಕೆ ಸುಲಿಯುವ ಕಾಲ, ಬೇಯಿಸುವ ಒಲೆಯ ಮುಂದೆ ರಾತ್ರಿಯೆಲ್ಲ ಕೂರಬೇಡಿ. ಅಡಿಕೆ ಬೇಯಿಸಿದ ಚೊಗರು ನೀರಿನ ವಾಸನೆ ನೆನೆದರೆ ನನಗೂ ಈಗಲೇ ಓಡಿ ಬರಬೇಕು ಅನಿಸುತ್ತದೆ. ಆದರೂ ಈ ವರ್ಷ ಆ ಕೆಲಸ ಮಂಜಣ್ಣನಿಗೆ ಬಿಡಿ.

ಅಮ್ಮ, ನೀನು ಹೆದರಬೇಡ. ಸುಮಾ ಹತ್ತಿರ ಇದ್ದಾಳೆ, ಅವಳ ಗಂಡ ಒಳ್ಳೆಯವರು, ಕಾರಿದೆ. ಮಾರ್ಚ್ ಕಳೆದ ಕೂಡಲೇ ನಾನೇ ಟಿಕೆಟ್ ಮಾಡಿಸಿಕೊಂಡು ಬರುತ್ತೇನೆ. ಎಲ್ಲ ಸರಿ ಇದೆ, ಎಲ್ಲ ಸರಿಹೋಗುತ್ತದೆ. ಹೀಗೆ ಚಕ್ಕುಲಿ ಡಬ್ಬದಲ್ಲಿ ಆಗಾಗ ಬರೆಯುತ್ತಿರು.

ಶಿವಮೊಗ್ಗದ ಹುಡುಗ ನಾಳೆ ಹೊರಡುತ್ತಾನೆ, ಕಾಗದ, ಡಬ್ಬಿ ಎಲ್ಲ ಸುಮಾಳಿಗೆ ಮುಟ್ಟಿಸುತ್ತಾನೆ. ಇನ್ನೇನು ಬಂದುಬಿಡುತ್ತಾನೆ, ಇನ್ನೂ ಪ್ಯಾಕ್ ಮಾಡಿಲ್ಲ. ಇಲ್ಲಿ ನಾಲ್ಕೂವರೆ ಆಗಿಲ್ಲ, ಆಗಲೇ ಕತ್ತಲಾಗುತ್ತಿದೆ. ಬೆಲ್ ಆಯಿತು. ಡಬ್ಬಿಯನ್ನು ಈ ಭಾನುವಾರವೇ ತುಂಬಿಸಿ ಫೋಟೋ ಕಳಿಸಿ.

ನಿಮ್ಮ ಮಗಳು,
ವೀಣಾ

ಅಜ್ಜಿಗೆ ಕಾಲುಚೀಲ ಡಬ್ಬಿಯ ಪಕ್ಕದಲ್ಲಿದೆ, ಮರೆಯಬೇಡಿ.