ನಿರ್ಮಲಚಿತ್ತರು ಯಾರು?

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಅಧ್ಯಾತ್ಮ ಅಂಕಣದಲ್ಲಿ ಕಳೆದ ವಾರ ಬಂದ ಹೃದಯಶುದ್ಧಿಯ ಲೇಖನ ಓದಿದೆ. ಕೆಟ್ಟ ನೋಟ, ಕೆಟ್ಟ ಯೋಚನೆ, ಯೌವನದ ಆಸೆಗಳ ವಿಷಯದಲ್ಲಿ ಲೇಖಕರು ಎಚ್ಚರಿಸಿದ್ದಾರೆ. ಅದು ತಪ್ಪಲ್ಲ. ಕಣ್ಣಿನಿಂದಲೇ ಆಗುವ ವ್ಯಭಿಚಾರದ ಬಗ್ಗೆ ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿಯೇ ಕಟುವಾಗಿ ಹೇಳಿದ್ದಾನೆ. ಆದರೆ ಲೇಖನ ಅಲ್ಲಿಗೇ ನಿಂತುಬಿಟ್ಟಿತು. ನಾನು ಬಹುಕಾಲದಿಂದ ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಕಲಿಸುತ್ತಿರುವವಳು. ಇಷ್ಟಕ್ಕೇ ನಿಲ್ಲುವ ಬೋಧನೆಯಿಂದ ಮಕ್ಕಳಿಗೆ ಏನಾಗುತ್ತದೆ ಎಂಬುದನ್ನು ಕಂಡಿದ್ದೇನೆ. ಅದಕ್ಕೇ ಈ ಪತ್ರ.

ಆಗಷ್ಟೇ ದೃಢೀಕರಣ (ಚರ್ಚಿನ ಪೂರ್ಣ ಸದಸ್ಯಳಾಗುವ ವಿಧಿ) ಪಡೆದಿದ್ದ ಹುಡುಗಿಯೊಬ್ಬಳು, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನದ ಹೊತ್ತಿಗೆ ಎದ್ದು ಹೋಗದೆ ಬೆಂಚಿನಲ್ಲೇ ಕುಳಿತುಬಿಟ್ಟಳು. ಆಮೇಲೆ ವಿಚಾರಿಸಿದರೆ, "ಟೀಚರ್, ನನ್ನ ಮನಸ್ಸಿಗೆ ಏನೇನೋ ಬರುತ್ತೆ. ನಾನು ಶುದ್ಧವಾಗಿಲ್ಲ" ಎಂದಳು. ಅದೇ ಆರಾಧನೆಯಲ್ಲಿ, ವರ್ಷಗಳಿಂದ ಒಬ್ಬರ ಮುಖ ಒಬ್ಬರು ನೋಡದ ಇಬ್ಬರು ಹಿರಿಯರು ಯಾವ ಅಳುಕೂ ಇಲ್ಲದೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಂಡು ಬಂದು ಕುಳಿತಿದ್ದರು. ನಿನ್ನ ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ಸಹೋದರನೊಡನೆ ಸಮಾಧಾನ ಮಾಡಿಕೋ ಎಂದು ಕರ್ತನು ಹೇಳಿದ್ದೂ ಮತ್ತಾಯನ ಅದೇ 5ನೆಯ ಅಧ್ಯಾಯದಲ್ಲಿಯೇ. ಒಂದೇ ಅಧ್ಯಾಯದ ಒಂದು ಮಾತು ಹುಡುಗಿಯನ್ನು ನಡುಗಿಸುವಷ್ಟು ಕೇಳಿಸಿದೆ, ಇನ್ನೊಂದು ಹಿರಿಯರ ಕಿವಿಗೆ ಬಿದ್ದೇ ಇಲ್ಲ. ನಾವು ಬೋಧಿಸಿರುವ ರೀತಿಯ ಫಲ ಇದು.

"ನಿರ್ಮಲಚಿತ್ತರು ಧನ್ಯರು, ಅವರು ದೇವರನ್ನು ನೋಡುವರು" ಎಂದವನು, ಮನಸ್ಸು ಯಾವುದರಿಂದ ಮಲಿನವಾಗುತ್ತದೆ ಎಂಬುದನ್ನೂ ಬಿಡಿಸಿ ಹೇಳಿದ್ದಾನೆ. ಮಾರ್ಕನ ಸುವಾರ್ತೆಯ 7ನೆಯ ಅಧ್ಯಾಯ ನೋಡಿ. ಕೈತೊಳೆಯುವ ಸಂಪ್ರದಾಯದ ಬಗ್ಗೆ ಫರಿಸಾಯರು ಎಂಬ ಕಟ್ಟುನಿಟ್ಟಿನ ಯೆಹೂದಿ ಪಂಥದವರು ತಕರಾರು ತೆಗೆದಾಗ, ಹೊಲೆಮಾಡುವುದು ಹೊರಗಿನಿಂದ ಒಳಕ್ಕೆ ಹೋಗುವಂಥದ್ದಲ್ಲ, ಹೃದಯದೊಳಗಿಂದ ಹೊರಡುವಂಥದ್ದು ಎಂದು ಹೇಳಿ ಒಂದು ಪಟ್ಟಿಯನ್ನೇ ಕೊಡುತ್ತಾನೆ. ಅದರಲ್ಲಿ ಹಾದರವಿದೆ, ಸೂಳೆಗಾರಿಕೆಯಿದೆ. ಅವುಗಳ ಜೊತೆಗೇ, ಅಷ್ಟೇ ತೂಕದಲ್ಲಿ, ದ್ರವ್ಯಾಶೆ, ಮೋಸ, ಹೊಟ್ಟೆಕಿಚ್ಚು, ಬೈಗುಳ, ಸೊಕ್ಕು ಇವೆ. ಹೊಟ್ಟೆಕಿಚ್ಚಿನ ಮೇಲೆ ಯುವಜನರ ಶಿಬಿರ ನಡೆದದ್ದನ್ನು ನಾನಂತೂ ಕಂಡಿಲ್ಲ.

ನನ್ನನ್ನು ಇನ್ನೂ ಹೆಚ್ಚು ಕಾಡುವುದು ಮತ್ತಾಯನ 6ನೆಯ ಅಧ್ಯಾಯ. ಅಲ್ಲಿ ಕರ್ತನು ಎತ್ತಿಕೊಳ್ಳುವುದು ಪಾಪಗಳನ್ನಲ್ಲ, ದಾನಧರ್ಮ, ಪ್ರಾರ್ಥನೆ, ಉಪವಾಸ ಎಂಬ ಮೂರು ಒಳ್ಳೆಯ ಕೆಲಸಗಳನ್ನು. ಜನ ನೋಡಲಿ ಎಂದು ಮಾಡಿದರೆ ಅವೂ ಕೆಡುತ್ತವೆ. ಅಂದಮೇಲೆ ಅಶುದ್ಧಿ ಕತ್ತಲೆಯಲ್ಲಿ ಮಾತ್ರ ಇರುವುದಿಲ್ಲ. ಧರ್ಮಪೀಠದ ಮೇಲೆ, ಗಾಯನತಂಡದ ಮುಂದಿನ ಸಾಲಿನಲ್ಲಿ, ದಾನಿಗಳ ಹೆಸರು ಕೆತ್ತಿದ ಕಲ್ಲಿನಲ್ಲಿ, ನನ್ನಂಥವರು ಕಲಿಸುವ ಪಾಠದಲ್ಲಿ ಸಹ ಅದಕ್ಕೆ ಜಾಗವಿದೆ. ಒಂದು ಕಣ್ಣು ದೇವರ ಮೇಲೆ, ಇನ್ನೊಂದು ಕಣ್ಣು ನೋಡುವವರ ಮೇಲೆ. ಎರಡು ಮನಸ್ಸುಳ್ಳವರೇ, ನಿಮ್ಮ ಹೃದಯಗಳನ್ನು ಶುದ್ಧಿಮಾಡಿಕೊಳ್ಳಿರಿ ಎಂದು ಯಾಕೋಬನು ತನ್ನ ಪತ್ರದಲ್ಲಿ ಬರೆದದ್ದು ಇಂಥವರಿಗೇ. ಮನಸ್ಸು ಒಂದೇ ಆಗಿರುವುದು, ಒಳಗೊಂದು ಹೊರಗೊಂದು ಇಲ್ಲದಿರುವುದು, ಇದನ್ನೇ ನಾನು ಹೃದಯಶುದ್ಧಿ ಎಂದು ತಿಳಿದಿದ್ದೇನೆ.

ಇದು ನನ್ನ ಹೊಸ ವಿಚಾರವೇನಲ್ಲ. ನಾಲ್ಕನೆಯ ಶತಮಾನದ ಕೊನೆಯ ಹೊತ್ತಿಗೆ ಈಜಿಪ್ಟಿನ ಸ್ಕೇಟಿಸ್ ಮರುಭೂಮಿಯಲ್ಲಿ ಮೋಶೆ ಎಂಬ ಹಿರಿಯ ಸನ್ಯಾಸಿ ಇದ್ದರು. ಅವರನ್ನು ಕಂಡು ಮಾತನಾಡಿದ ಜಾನ್ ಕ್ಯಾಸಿಯನ್ ಎಂಬ ಸನ್ಯಾಸಿ ಆ ಸಂಭಾಷಣೆಯನ್ನು ಬರೆದಿಟ್ಟಿದ್ದಾರೆ. ಸನ್ಯಾಸಿಯ ಕೊನೆಯ ಗತಿ ದೇವರ ರಾಜ್ಯ, ಅಲ್ಲಿಗೆ ಹೋಗಲು ಇಡಬೇಕಾದ ಗುರಿ ಹೃದಯಶುದ್ಧಿ ಎನ್ನುತ್ತಾರೆ ಮೋಶೆ. ಉಪವಾಸ, ಜಾಗರಣೆ, ವೇದಪಾರಾಯಣ ಎಲ್ಲವೂ ಆ ಗುರಿಗೆ ಸಾಧನಗಳಷ್ಟೇ. ಅವರು ಕೊಟ್ಟ ಉದಾಹರಣೆ ನನ್ನ ಮನಸ್ಸಿಗೆ ನಾಟಿದೆ. ಅಪಾರ ಆಸ್ತಿ, ಚಿನ್ನ, ಬೆಳ್ಳಿ ಎಲ್ಲ ಬಿಟ್ಟು ಮರುಭೂಮಿಗೆ ಬಂದ ಕೆಲವರು ಒಂದು ಚಾಕುವಿಗೆ, ಸೂಜಿಗೆ, ಲೇಖನಿಗೆ ಸಿಟ್ಟಾಗುತ್ತಾರಂತೆ. ತಮ್ಮ ಪುಸ್ತಕವನ್ನು ಬೇರೆಯವರು ಮುಟ್ಟಲೂ ಬಿಡದವರಿದ್ದಾರಂತೆ. ಬಿಟ್ಟುಬಂದದ್ದು ಆಸ್ತಿಯನ್ನು, ನನ್ನದು ಎಂಬ ಬಿಗಿಮುಷ್ಟಿ ಹಾಗೇ ಉಳಿದಿತ್ತು. ಮತ್ಸರಪಡದಿರುವುದು, ಉಬ್ಬಿಕೊಳ್ಳದಿರುವುದು, ಸ್ವಪ್ರಯೋಜನ ಹುಡುಕದಿರುವುದು ಎಂದು ಪೌಲನು ಕೊರಿಂಥದ ಸಭೆಗೆ ಬರೆದ ಪತ್ರದಲ್ಲಿ ವಿವರಿಸಿದ ಪ್ರೀತಿ ಇರುವುದೇ ಹೃದಯಶುದ್ಧಿಯಲ್ಲಿ ಎನ್ನುತ್ತಾರೆ ಆ ಹಿರಿಯರು. ಪ್ರೀತಿಯಿಂದ ಬೇರ್ಪಡಿಸಿದ ಶುದ್ಧಿ ಅವರಿಗೆ ಗೊತ್ತೇ ಇರಲಿಲ್ಲ.

ಇನ್ನು ಆ ಹುಡುಗಿಯ ವಿಷಯ. ಅಡವಿಯಲ್ಲಿ ಸೈತಾನನ ಮಾತು ಯೇಸುವಿನ ಕಿವಿಗೂ ಬಿತ್ತು, ಅದರಿಂದ ಆತನು ಅಶುದ್ಧನಾಗಲಿಲ್ಲ ಎಂದು ಅವಳಿಗೆ ಹೇಳಿದೆ. ಬಂದ ಯೋಚನೆ ಬೇರೆ, ಮಣೆ ಹಾಕಿ ಕೂರಿಸಿಕೊಂಡ ಯೋಚನೆ ಬೇರೆ. ಕೂರಿಸಿಕೊಂಡಿದ್ದರೂ ದಾರಿ ಮುಚ್ಚಿಲ್ಲ. ಶುದ್ಧಹೃದಯಕ್ಕಾಗಿ ಬೇಡುವ, ಬೈಬಲಿನ 51ನೆಯ ಕೀರ್ತನೆ ಯಾರದು? ಬತ್ಷೆಬೆಯನ್ನು ಕರೆಸಿಕೊಂಡು, ಅವಳ ಗಂಡ ಊರೀಯನನ್ನು ಯುದ್ಧದ ಮುಂಚೂಣಿಯಲ್ಲಿ ಸಾಯಿಸಿ, ನಾತಾನ ಪ್ರವಾದಿ ಬಂದು ಎದುರು ನಿಲ್ಲುವವರೆಗೂ ಏನೂ ಆಗದವನಂತೆ ಇದ್ದ ದಾವೀದ ರಾಜನದು ಎಂದು ಕೀರ್ತನೆಯ ತಲೆಬರಹವೇ ಹೇಳುತ್ತದೆ. ತೊಳೆದುಕೊಳ್ಳುತ್ತೇನೆ ಎಂದು ಅವನು ಹೇಳಲಿಲ್ಲ, ನನ್ನನ್ನು ತೊಳೆ ಎಂದ. ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ, ಹೃದಯಗಳನ್ನು ದೇವರು ನಂಬಿಕೆಯ ಮೂಲಕ ಶುದ್ಧಿಮಾಡಿದನೆಂದು ಯೇಸುವಿನ ಶಿಷ್ಯ ಪೇತ್ರನೂ ಯೆರೂಸಲೇಮಿನ ಸಭೆಯಲ್ಲಿ ಸಾಕ್ಷಿ ಹೇಳಿದ. ಕೆಲಸ ದೇವರದು, ಮುಚ್ಚುಮರೆಯಿಲ್ಲದೆ ಒಪ್ಪಿಸುವುದು ನಮ್ಮದು. ಯೇಸು ಹೇಳಿದ ಕಥೆಯಲ್ಲಿ ದೇವಾಲಯದಲ್ಲಿ ದೂರ ನಿಂತು ಎದೆ ಬಡಿದುಕೊಂಡ ಸುಂಕದವನು ಮಾಡಿದ್ದೂ ಇಷ್ಟೇ.

ಆ ಲೇಖಕರಲ್ಲಿ ನನ್ನದೊಂದು ವಿನಂತಿ. ಈ ವಿಷಯದ ಬಗ್ಗೆ ಮತ್ತೆ ಬರೆಯುವುದಾದರೆ ಯುವಕ ಯುವತಿಯರನ್ನಷ್ಟೇ ಎದುರಿಗಿಟ್ಟುಕೊಂಡು ಬರೆಯಬೇಡಿ. ಸಭೆಯ ಚುನಾವಣೆಗೆ ನಿಲ್ಲುವವರಿಗೆ, ಲೆಕ್ಕಪತ್ರ ನೋಡುವವರಿಗೆ, ಪ್ರಸಂಗ ಮಾಡುವವರಿಗೆ, ಕಲಿಸುವ ನಮಗೂ ಬರೆಯಿರಿ. ಮಾತು ಬಿಟ್ಟವರು ಮೊದಲು ಮಾತನಾಡಿ ಆಮೇಲೆ ಕರ್ತನ ಮೇಜಿಗೆ ಬರಲಿ ಎಂದೂ ಬರೆಯಿರಿ. ಅದನ್ನು ನನ್ನ ತರಗತಿಯಲ್ಲಿ ನಾನೇ ಓದಿ ಹೇಳುತ್ತೇನೆ.

ಇತಿ,
ಸಂಡೇ ಸ್ಕೂಲ್ ಶಿಕ್ಷಕಿ